ಪುಟ್ಟ ಐಷಾರಾಮಿ ಸೆಡಾನ್: ಬೆಂಗಳೂರಿನವರು ಹೋಲಿಸಬೇಕಾದ್ದು ಯಾವುದನ್ನು?

ಸಂಪಾದಕರಿಗೆ,

ತಮ್ಮ ವಾಹನ ಪುಟದಲ್ಲಿ ಬಂದ, ಬಿಎಂಡಬ್ಲ್ಯು 2 ಸರಣಿಯ ಗ್ರ್ಯಾನ್ ಕೂಪೆ ಮತ್ತು ಮರ್ಸಿಡಿಸ್ ಬೆಂಜ್ ಎ-ಕ್ಲಾಸ್ ಲಿಮೋಸಿನ್ ಕಾರುಗಳ ಹೋಲಿಕೆಗೆ ಈ ಪ್ರತಿಕ್ರಿಯೆ. ಅಶ್ವಶಕ್ತಿ, ಸೊನ್ನೆಯಿಂದ ನೂರು ಮುಟ್ಟುವ ಸೆಕೆಂಡು, ಪರದೆಯ ಅಳತೆ, ಒಳಗಿನ ದೀಪದ ಬಣ್ಣ ಎಲ್ಲವೂ ಅದರಲ್ಲಿದ್ದವು. ಅರ್ಧ ಕೋಟಿಗೂ ಮೇಲೆ ಸುರಿದು ಕಾರು ತಂದು ಅದನ್ನು ಪಣತ್ತೂರು, ವರ್ತೂರು, ಹೊರಮಾವುಗಳಲ್ಲಿ ಓಡಿಸಬೇಕಾದವರಿಗೆ ಬೇಕಾದ ಅಂಕಿ ಮಾತ್ರ ಒಂದೂ ಇರಲಿಲ್ಲ. ಟೈರಿನ ಪಕ್ಕದ ಗೋಡೆ ಎಷ್ಟು ಎತ್ತರ, ನಾಲ್ವರು ಕೂತ ಮೇಲೆ ಗಾಡಿಯ ತಳ ನೆಲದಿಂದ ಎಷ್ಟು ಮೇಲಿದೆ, ಮನೆಯ ಹಿರಿಯರು ಹಿಂದಿನ ಸೀಟಿನಿಂದ ಕೈ ಹಿಡಿಸಿಕೊಳ್ಳದೆ ಏಳಬಲ್ಲರೇ? ಈ ಊರಿನಲ್ಲಿ ಈ ಎರಡು ಕಾರುಗಳ ನಡುವಿನ ತೀರ್ಮಾನ ಆಗಬೇಕಾದ್ದು ಈ ಮೂರರ ಮೇಲೆ.

ಎಂಜಿನ್ ಮಾತು ಮೊದಲು ಮುಗಿಸಿಬಿಡೋಣ, ಅಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. 2025ರ ಜುಲೈನಲ್ಲಿ ಬಂದ ಹೊಸ ಪೀಳಿಗೆಯ ಗ್ರ್ಯಾನ್ ಕೂಪೆ, ಅಂದರೆ ಬಿಎಂಡಬ್ಲ್ಯು 218ರಲ್ಲಿ 1.5 ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಎಂಜಿನ್, 156 ಅಶ್ವಶಕ್ತಿ. ಎ-ಕ್ಲಾಸ್‌ನ ಪೆಟ್ರೋಲ್ ಆವೃತ್ತಿ ಎ 200ರಲ್ಲಿ 1,332 ಸಿಸಿಯ ನಾಲ್ಕು ಸಿಲಿಂಡರ್, 163 ಅಶ್ವಶಕ್ತಿ. ಈ ಏಳು ಕುದುರೆಯ ವ್ಯತ್ಯಾಸ ಹೊರ ವರ್ತುಲ ರಸ್ತೆಯಲ್ಲಿ ಯಾರ ಅನುಭವಕ್ಕೂ ಬರುವುದಿಲ್ಲ. ಮರ್ಸಿಡಿಸ್‌ನ ಆ ಎಂಜಿನ್ ರೆನೊ-ನಿಸಾನ್ ಜೊತೆ ಸೇರಿ ರೂಪಿಸಿದ್ದು. ಅದೇ ಕುಟುಂಬದ ಎಂಜಿನ್ ನಮ್ಮಲ್ಲಿ ರೆನೊ ಡಸ್ಟರ್ ಮತ್ತು ನಿಸಾನ್ ಕಿಕ್ಸ್ ಕಾರುಗಳಲ್ಲೂ ಬಂದಿತ್ತು. ಇದನ್ನು ಶೋರೂಮಿನಲ್ಲಿ ಎತ್ತಿದರೆ ಮಾರಾಟಗಾರರ ಮುಖ ಸಣ್ಣದಾಗುತ್ತದೆ, ಆದರೆ ಕೊಳ್ಳುವವರು ಮುಜುಗರಪಡುವ ಕಾರಣವಿಲ್ಲ, ಎಂಜಿನ್ ಚೆನ್ನಾಗಿಯೇ ಇದೆ. ಮೂರು ಸಿಲಿಂಡರಿನ ನಡುಕ ಬಿಎಂಡಬ್ಲ್ಯುನಲ್ಲಿ ಎಷ್ಟಿದೆ ಎಂಬುದನ್ನು ಓಡಿಸುವಾಗ ನೋಡಬೇಡಿ. ಏಸಿ ಪೂರ್ತಿ ಹಾಕಿ, ಗೇರು ಡಿಯಲ್ಲಿಟ್ಟು, ಬ್ರೇಕ್ ಒತ್ತಿ ನಿಂತಾಗ ಸ್ಟೀರಿಂಗ್ ಮೇಲೆ ಕೈಯಿಟ್ಟು ನೋಡಿ. ಗಾಡಿ ನಿಂತಾಗ ಎಂಜಿನ್ ತಾನೇ ಆರಿಸುವ ಆಟೊ ಸ್ಟಾರ್ಟ್-ಸ್ಟಾಪ್‌ನಲ್ಲಿ ಎಂಜಿನ್ ಮತ್ತೆ ಎದ್ದೇಳುವ ಕ್ಷಣದ ಒದೆತ ಗಮನಿಸಿ. ಅಂದಹಾಗೆ ಎರಡೂ ಮುಂದಿನ ಚಕ್ರದಿಂದ ಎಳೆಯುವ ಗಾಡಿಗಳು. ಬಿಎಂಡಬ್ಲ್ಯು ಅಂದಮೇಲೆ ಹಿಂದಿನ ಚಕ್ರ ತಳ್ಳಲೇಬೇಕು ಎನ್ನುವವರು 3 ಸರಣಿಗೆ ಹೋಗಬೇಕು, ಅದು ಬೇರೆಯೇ ಬೆಲೆ.

ಗೇರ್‌ಬಾಕ್ಸ್ ಎರಡರಲ್ಲೂ ಏಳು ಗೇರಿನ ಡ್ಯುಯಲ್ ಕ್ಲಚ್. ಎಣ್ಣೆಯಲ್ಲಿ ಮುಳುಗಿರುವ ಒದ್ದೆ ಕ್ಲಚ್ ಆದ್ದರಿಂದ ಒಣ ಕ್ಲಚ್ಚಿನಷ್ಟು ಬೇಗ ಬಿಸಿಯಾಗುವುದಿಲ್ಲ. ಹಾಗೆಂದು ಅದು ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಅಲ್ಲ. ಬ್ರೇಕ್ ಅರ್ಧ ಬಿಟ್ಟು ಅಂಗುಲ ಅಂಗುಲ ಸರಿಯುವಾಗ ಒಳಗೆ ಕ್ಲಚ್ ಜಾರುತ್ತಲೇ ಇರುತ್ತದೆ. ಮೇಲ್ಸೇತುವೆಯ ಏರಿನಲ್ಲಿ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಮೇಲೆಯೇ ಗಾಡಿ ಹಿಡಿದು ನಿಲ್ಲಿಸುವ ಅಭ್ಯಾಸ ಈ ಗೇರ್‌ಬಾಕ್ಸಿಗೆ ಎಲ್ಲಕ್ಕಿಂತ ಕೆಟ್ಟದ್ದು. ಬ್ರೇಕ್ ತಾನೇ ಹಿಡಿದಿಡುವ ಆಟೊ ಹೋಲ್ಡ್ ಹಾಕಿ, ಮುಂದಿನ ಗಾಡಿ ಒಂದು ಕಾರಿನಷ್ಟು ಸರಿದ ಮೇಲೆ ಒಮ್ಮೆಗೇ ಹೋಗಿ. ಡ್ರೈವರ್ ಇಟ್ಟುಕೊಂಡವರು ಇದನ್ನು ಅವರಿಗೂ ಹೇಳಿಕೊಡಬೇಕು. ಮೊದಲ ಎರಡು ಗೇರಿನಲ್ಲಿ ಬರುವ ಕಂಪನಕ್ಕೆ ಹಲವು ಸಲ ಮೂಲ ಇಲ್ಲೇ ಇರುತ್ತದೆ.

ಇನ್ನು ಟೈರು. ಟೈರಿನ ಮೇಲೆ 225/40 ಆರ್18 ಎಂದಿದ್ದರೆ ಅಗಲ 225 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ 40, ಅಂದರೆ 90 ಮಿ.ಮೀ. ಹಿಂದಿನ ಪೀಳಿಗೆಯ ಗ್ರ್ಯಾನ್ ಕೂಪೆಯ 18 ಇಂಚಿನ ಚಕ್ರಕ್ಕೆ ಬರುತ್ತಿದ್ದದ್ದು ಈ ಅಳತೆ. 225/45 ಆದರೆ 101 ಮಿ.ಮೀ. ಎ-ಕ್ಲಾಸ್‌ನ 17 ಇಂಚಿನ ಚಕ್ರಕ್ಕೆ ಬರುವ 205/55 ಆದರೆ 113 ಮಿ.ಮೀ. ಕಂಪನಿಗಳು ವರ್ಷಕ್ಕೊಮ್ಮೆ ಚಕ್ರ ಬದಲಿಸುತ್ತವೆ, ಒಂದೇ ಮಾದರಿಯ ಬೇರೆ ಬೇರೆ ಆವೃತ್ತಿಗೆ ಬೇರೆ ಚಕ್ರ ಬರುತ್ತದೆ. ಆದ್ದರಿಂದ ಕರಪತ್ರ ನಂಬದೆ, ನಿಮಗೆ ಕೊಡುವ ಆವೃತ್ತಿಯ ಟೈರಿನ ಮೇಲಿನ ಬರಹವನ್ನೇ ಓದಿ ಈ ಲೆಕ್ಕ ಹಾಕಿ. 90 ಮತ್ತು 113ರ ನಡುವಿನ 23 ಮಿ.ಮೀ. ಕೇಳಲು ಬೆರಳಿನ ಅಗಲವಷ್ಟೇ. ಆದರೆ ಡಾಂಬರು ಚೌಕವಾಗಿ ಕಿತ್ತು ಬಂದ ಗುಂಡಿಯ ಅಂಚಿಗೆ 40 ಕಿ.ಮೀ. ವೇಗದಲ್ಲಿ ಚಕ್ರ ಬಡಿದಾಗ ಆ ಬೆರಳಿನ ಅಗಲವೇ ಕಾಯುವುದು. ಗೋಡೆ ಗಿಡ್ಡವಿದ್ದರೆ ರಬ್ಬರು ಅಲಾಯ್‌ಗೂ ರಸ್ತೆಯ ಅಂಚಿಗೂ ನಡುವೆ ಸಿಕ್ಕಿ ಒಳಗಿನ ದಾರಗಳು ಕತ್ತರಿಸುತ್ತವೆ. ಆ ಕ್ಷಣ ಏನೂ ಕಾಣದು. ಕೆಲವು ದಿನಗಳ ಮೇಲೆ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಬರುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಎಂಬುದಿಲ್ಲ, ಬಿಸಾಡಬೇಕು. ಒಂದೇ ಆಕ್ಸಲ್‌ನ ಎರಡು ಟೈರುಗಳ ಸವೆತದಲ್ಲಿ ಹೆಚ್ಚು ಅಂತರವಿದ್ದರೆ ಜೋಡಿಯನ್ನೇ ಬದಲಿಸಬೇಕಾಗುತ್ತದೆ.

ಟೈರಿನ ವಿಷಯದಲ್ಲಿ ಶೋರೂಮಿನಲ್ಲಿ ಕೇಳಬೇಕಾದ್ದು ಇನ್ನೂ ಇದೆ. ಇದು ರನ್-ಫ್ಲಾಟ್ ಟೈರೇ? ಹೌದಾದರೆ ಗಾಳಿ ಹೋದಮೇಲೂ ಸಾಮಾನ್ಯವಾಗಿ 80 ಕಿ.ಮೀ. ವೇಗ ಮೀರದೆ 80 ಕಿ.ಮೀ. ದೂರ ಹೋಗಬಹುದು, ಆದರೆ ಅದರ ಗೋಡೆ ಬಿರುಸು, ನಮ್ಮ ರಸ್ತೆಯ ಪ್ರತಿ ತೇಪೆಯೂ ಸೊಂಟಕ್ಕೆ ತಿಳಿಯುತ್ತದೆ. ಅಲ್ಲದಿದ್ದರೆ ಸ್ಟೆಪ್ನಿ ಎಲ್ಲಿ? 2020ರ ಕೇಂದ್ರದ ನಿಯಮ ತಿದ್ದುಪಡಿಯ ಪ್ರಕಾರ ಟೈರು ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕೊಡದೆಯೂ ಕಾರು ಮಾರಬಹುದು. ಪಂಕ್ಚರ್ ಅಂಟಿನ ಬಾಟಲಿ ಮೊಳೆ ಚುಚ್ಚಿದ್ದಕ್ಕೆ ಸರಿ. ಗುಂಡಿಗೆ ಬಿದ್ದು ಗೋಡೆ ಹರಿದರೆ ಅದರಿಂದ ಏನೂ ಆಗದು. ಡಿಕ್ಕಿ ತೆರೆಸಿ, ನೆಲದ ಹಲಗೆ ಎತ್ತಿಸಿ ಕಣ್ಣಾರೆ ನೋಡಿ. ಸ್ಟೆಪ್ನಿಯನ್ನು ಡಿಕ್ಕಿಯೊಳಗೇ ಮಲಗಿಸಿದ್ದರೆ ಡಿಕ್ಕಿ ಇಷ್ಟು ಲೀಟರು ಎಂಬ ಲೆಕ್ಕ ಕಾಗದದ ಮೇಲಷ್ಟೇ ಉಳಿಯುತ್ತದೆ, ವಿಮಾನ ನಿಲ್ದಾಣಕ್ಕೆ ಎರಡು ದೊಡ್ಡ ಸೂಟ್‌ಕೇಸ್ ಹಿಡಿಯುತ್ತವೆಯೇ ಎಂದು ಇಟ್ಟೇ ನೋಡಬೇಕು. ಮೂಲ ಟೈರಿನ ಮೇಲೆ ಬಿಎಂಡಬ್ಲ್ಯುಗೆ ನಕ್ಷತ್ರದ ಗುರುತು, ಮರ್ಸಿಡಿಸ್‌ಗೆ ಎಂಒ ಎಂಬ ಅಕ್ಷರಗಳಿರುತ್ತವೆ. ಅದೇ ಗುರುತಿನ ಟೈರು ನಗರದ ಅಂಗಡಿಗಳಲ್ಲಿ ಅದೇ ದಿನ ಸಿಗುತ್ತದೆಯೋ, ವಾರ ಕಾಯಬೇಕೋ ಎಂದು ಎರಡು ಅಂಗಡಿಗೆ ಫೋನ್ ಮಾಡಿ ತಿಳಿದುಕೊಳ್ಳಿ.

18 ಇಂಚಿನ ಚಕ್ರವೇ ಬಂತು, ಇಳಿಸಬಹುದೇ? 225/40 ಆರ್18 ಟೈರಿನ ಹೊರ ವ್ಯಾಸ 637 ಮಿ.ಮೀ., 225/45 ಆರ್17ರದ್ದು 634. ಸ್ಪೀಡೋಮೀಟರಿಗೆ ಇದು ಗೊತ್ತೂ ಆಗುವುದಿಲ್ಲ, ಗೋಡೆಗೆ ಮಾತ್ರ 11 ಮಿ.ಮೀ. ಲಾಭ. ಆದರೆ ಚಿಕ್ಕ ಚಕ್ರ ಅದರೊಳಗೆ ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರಿಗೆ ತಾಗುತ್ತದೆಯೇ ಎಂದು ನೋಡಬೇಕು. ಆ ಅಳತೆ ಕಂಪನಿ ಒಪ್ಪಿದ ಪಟ್ಟಿಯಲ್ಲೂ ಇರಬೇಕು. ಪಟ್ಟಿ ಬಳಕೆದಾರರ ಕೈಪಿಡಿಯಲ್ಲಿ ಸಿಗುತ್ತದೆ. 19 ಇಂಚಿಗೆ ಏರಿಸುವ ಆಸೆ ಈ ಊರಿನಲ್ಲಿ ಬೇಡ.

ಹಂಪುಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಎ-ಕ್ಲಾಸ್‌ನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2,729 ಮಿ.ಮೀ., ಗ್ರ್ಯಾನ್ ಕೂಪೆಯದು 2,670. ಉದ್ದ ಹೆಚ್ಚಾದ್ದರಿಂದ ಬೆಂಜ್‌ನ ಹೊಟ್ಟೆ ಹಂಪಿಗೆ ಉಜ್ಜುತ್ತದೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಹಂಪು 17 ಮೀಟರ್ ತ್ರಿಜ್ಯದ ಕಮಾನು, 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಗಾಡಿಯ ನಡುಭಾಗ ಅದರ ನೆತ್ತಿಯ ಮೇಲಿದ್ದಾಗ ನಾಲ್ಕೂ ಚಕ್ರ ಹಂಪಿನ ಮೇಲೆಯೇ ಇರುತ್ತವೆ, ಹಾಗಾಗಿ ತಳದಿಂದ ಕಳೆದುಹೋಗುವ ಎತ್ತರ ಬಿಎಂಡಬ್ಲ್ಯುಗೆ 5.2 ಸೆಂ.ಮೀ., ಬೆಂಜ್‌ಗೆ 5.5 ಸೆಂ.ಮೀ. ವ್ಯತ್ಯಾಸ ಎರಡು ಮೂರು ಮಿ.ಮೀ. ಅಷ್ಟೇ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟುವ, ಒಂದಡಿ ಅಗಲದ, ಗೇಣೆತ್ತರದ ದಿಬ್ಬವೇ ನಿಜವಾದ ಶತ್ರು. ಅಲ್ಲಿ ಮುಂದಿನ ಚಕ್ರ ಇಳಿದು ಹಿಂದಿನದು ಏರುವ ಮುನ್ನ ದಿಬ್ಬದ ಅಷ್ಟೂ ಎತ್ತರ ಹೊಟ್ಟೆಗೆ ಬರುತ್ತದೆ. ವೀಲ್‌ಬೇಸ್ ಎಷ್ಟಿದ್ದರೂ ಒಂದೇ. 15 ಸೆಂ.ಮೀ. ದಿಬ್ಬವಾದರೆ 15 ಸೆಂ.ಮೀ.ಯೂ ಹೋಯಿತು. ಆದ್ದರಿಂದ ನೋಡಬೇಕಾದ್ದು ತುಂಬಿದ ಗಾಡಿಯ ತಳದ ಎತ್ತರ. ಸಮತಟ್ಟಾದ ನೆಲದಲ್ಲಿ ಹಿಂದೆ ಮೂವರು, ಮುಂದೆ ಇಬ್ಬರು ಕೂತು, ಡಿಕ್ಕಿಯಲ್ಲಿ ಎರಡು ಪೆಟ್ಟಿಗೆ ಇಟ್ಟು, ತಳದ ಪ್ಲಾಸ್ಟಿಕ್ ಹೊದಿಕೆಯ ಅತಿ ತಗ್ಗಿನ ಜಾಗಕ್ಕೆ ಟೇಪಿನಿಂದ ಅಳೆಯಿರಿ. ಹೌದು, ಶೋರೂಮಿನಲ್ಲಿ ಬಗ್ಗಿ ಅಳೆಯಬೇಕು. ದುಡ್ಡು ನಿಮ್ಮದು.

ಆ ಹೊದಿಕೆಯ ಕ್ಲಿಪ್‌ಗಳು ಒಂದೆರಡು ಸಲ ಉಜ್ಜಿದರೆ ಕಳಚುತ್ತವೆ. ಕಳಚಿದ ಹೊದಿಕೆ ಮುಂದಿನ ದಿಬ್ಬಕ್ಕೆ ಸಿಕ್ಕಿ ಪೂರ್ತಿ ಹರಿಯುತ್ತದೆ, ಎಂಜಿನ್ ಕೆಳಗೆ ಕೆಸರು ಹತ್ತುತ್ತದೆ. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಕ್ಲಿಪ್ ಎಣಿಸಿ ಹಾಕಿದ್ದಾರೆಯೇ ಎಂದು ಲಿಫ್ಟ್ ಮೇಲೆ ನೋಡುವುದು ಒಳ್ಳೆಯದು.

ಅಪಾರ್ಟ್‌ಮೆಂಟ್ ಇಳಿಜಾರಿಗೂ ಇದೇ ಗಣಿತ. ಎಂಟು ಅಡಿ ಉದ್ದಕ್ಕೆ ಒಂದಡಿಯಂತೆ ಇಳಿಯುವ ರ‍್ಯಾಂಪಿನ ನೆತ್ತಿಯಲ್ಲಿ 2.7 ಮೀಟರ್ ವೀಲ್‌ಬೇಸ್‌ನ ಕಾರಿಗೆ ಹೊಟ್ಟೆಯ ಕೆಳಗೆ ಸುಮಾರು 8.4 ಸೆಂ.ಮೀ. ಕಡಿಮೆಯಾಗುತ್ತದೆ. ಹಳೆಯ ಕಟ್ಟಡಗಳ ಆರಕ್ಕೆ ಒಂದರ ರ‍್ಯಾಂಪಿನಲ್ಲಿ 11 ಸೆಂ.ಮೀ. ದಾಟುತ್ತದೆ. ಕೆಳಗೆ ಇಳಿಜಾರು ಮುಗಿದು ನೆಲ ಸಮವಾಗುವಲ್ಲಿ ಪೆಟ್ಟು ತಿನ್ನುವುದು ಹೊಟ್ಟೆಯಲ್ಲ, ಮುಂದಿನ ಬಂಪರಿನ ತುಟಿ. ಎಂ ಸ್ಪೋರ್ಟ್, ಎಎಂಜಿ ಲೈನ್ ಎಂಬ ಅಲಂಕಾರದ ಬಂಪರುಗಳು ಇನ್ನಷ್ಟು ಗಿಡ್ಡ. ಟೆಸ್ಟ್ ಡ್ರೈವ್ ಕಾರನ್ನು ನಿಮ್ಮ ಮನೆಯ ನೆಲಮಾಳಿಗೆಗೆ ಇಳಿಸದೆ ಮುಂಗಡ ಕೊಡಬೇಡಿ. ಯಾಂತ್ರಿಕ ಪಾರ್ಕಿಂಗ್ ಇರುವ ಕಟ್ಟಡವಾದರೆ ತಟ್ಟೆಯ ಒಳ ಅಗಲವನ್ನೂ ಅಳೆಯಿರಿ. ಎರಡೂ ಕಾರು ಕನ್ನಡಿ ಬಿಟ್ಟು 1.8 ಮೀಟರ್ ಅಗಲ ಇವೆ, ತಟ್ಟೆಯ ಕಬ್ಬಿಣದ ಅಂಚಿಗೆ ಅಲಾಯ್ ಉಜ್ಜುವುದು ಸಾಮಾನ್ಯ.

ಟೆಸ್ಟ್ ಡ್ರೈವ್ ವಿಷಯ ಬಂದಿದ್ದರಿಂದ ಹೇಳಬೇಕು: ವಿಠ್ಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಂಥ, ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಹೊಸದಾಗಿ ಕಟ್ಟಿದ ನುಣುಪು ರಸ್ತೆಗಳಲ್ಲಿ ಹತ್ತು ನಿಮಿಷ ಸುತ್ತಿಸಿ ತಂದರೆ ಅದು ಪರೀಕ್ಷೆಯೇ ಅಲ್ಲ. ಅಲ್ಲಿ ಯಾವ ಕಾರಾದರೂ ತೇಲುತ್ತದೆ. ನಿಮ್ಮ ದಿನನಿತ್ಯದ ದಾರಿಗೇ ಒಯ್ಯಿರಿ. ಎರಡೂ ಕಾರನ್ನು ಒಂದೇ ದಿನ, ಒಂದೇ ದಾರಿಯಲ್ಲಿ, ಅಷ್ಟೇ ಜನ ಕೂತು ಓಡಿಸಿ. ಹೊರಡುವ ಮುನ್ನ ಟೈರಿನ ಗಾಳಿ ನೋಡಿಸಿ. ಪ್ರದರ್ಶನದ ಕಾರಿನಲ್ಲಿ ಗಾಳಿ ಹೆಚ್ಚು ಕಡಿಮೆ ಇದ್ದರೆ ಸಸ್ಪೆನ್ಷನ್ ಬಗ್ಗೆ ಬರುವ ಅಭಿಪ್ರಾಯವೇ ಸುಳ್ಳಾಗುತ್ತದೆ. ಸರಿಯಾದ ಅಂಕಿ ಚಾಲಕರ ಬಾಗಿಲಿನ ಕಂಬದ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಇರುತ್ತದೆ, ಅದು ತಣ್ಣಗಿರುವ ಟೈರಿಗೆ ಹೇಳಿದ್ದು. ಹಿಂದಿನ ಸಸ್ಪೆನ್ಷನ್ ಯಾವುದು ಎಂದೂ ಕೇಳಿ. ಗ್ರ್ಯಾನ್ ಕೂಪೆಗೆ ಪ್ರತಿ ಚಕ್ರ ಬೇರೆಬೇರೆಯಾಗಿ ಏರಿಳಿಯುವ ಮಲ್ಟಿಲಿಂಕ್. ಎ-ಕ್ಲಾಸ್ ವಿದೇಶಗಳಲ್ಲಿ ಆವೃತ್ತಿಗೆ ತಕ್ಕಂತೆ ಟಾರ್ಷನ್ ಬೀಮ್, ಮಲ್ಟಿಲಿಂಕ್ ಎರಡರಲ್ಲೂ ಬಂದಿದೆ. ಬಾಯಿಮಾತಿಗಿಂತ ಲಿಫ್ಟ್ ಮೇಲೆ ಹಾಕಿಸಿ ನೋಡುವುದು ಖಚಿತ: ಎರಡು ಹಿಂದಿನ ಚಕ್ರಗಳನ್ನು ಒಂದು ದಪ್ಪ ತೊಲೆ ಜೋಡಿಸಿದ್ದರೆ ಟಾರ್ಷನ್ ಬೀಮ್. ಒಂದು ಬದಿಯ ಚಕ್ರ ಮಾತ್ರ ಗುಂಡಿಗೆ ಇಳಿದಾಗ ಹಿಂದೆ ಕೂತವರು ಪಕ್ಕಕ್ಕೆ ಎಷ್ಟು ಎಸೆಯಲ್ಪಡುತ್ತಾರೆ ಎಂಬುದರಲ್ಲಿ ಈ ವ್ಯತ್ಯಾಸ ತಿಳಿಯುತ್ತದೆ, ಹಾಗಾಗಿ ಅರ್ಧ ದಾರಿ ನೀವೂ ಹಿಂದೆ ಕೂರಬೇಕು.

ಹಿಂದಿನ ಸೀಟು ಎರಡೂ ಕಾರುಗಳ ದುರ್ಬಲ ಜಾಗ. ಬಿಎಂಡಬ್ಲ್ಯುನ ಛಾವಣಿ ಕೂಪೆಯಂತೆ ಹಿಂದಕ್ಕೆ ಇಳಿಯುವುದರಿಂದ ಒಳಗೆ ಹೋಗುವಾಗ ತಲೆ ಬಗ್ಗಿಸಲೇಬೇಕು. ಎ-ಕ್ಲಾಸ್‌ನಲ್ಲಿ 59 ಮಿ.ಮೀ. ಹೆಚ್ಚಿನ ವೀಲ್‌ಬೇಸ್‌ನಿಂದ ಮೊಣಕಾಲಿಗೆ ಒಂದಿಷ್ಟು ಜಾಗ ಸಿಗುತ್ತದೆ, ಆದರೆ ಸೀಟು ತಗ್ಗು, ತೊಡೆಗೆ ಆಸರೆ ಕಡಿಮೆ. ನೋಡುವ ಕ್ರಮ ಹೀಗೆ: ಮುಂದಿನ ಸೀಟನ್ನು ನಿಜವಾಗಿ ಓಡಿಸುವವರ ಅಳತೆಗೆ ಇಡಿ, ಪ್ರದರ್ಶನಕ್ಕೆಂದು ಮುಂದಕ್ಕೆ ತಳ್ಳಿಟ್ಟಿದ್ದನ್ನು ಸರಿಪಡಿಸಿ. ಅದರ ಹಿಂದೆ ಮನೆಯ ಹಿರಿಯರನ್ನು ಅರ್ಧ ಗಂಟೆ ಕೂರಿಸಿ. ಮಂಡಿ ಸೊಂಟಕ್ಕಿಂತ ಮೇಲಿದ್ದರೆ ತೊಡೆ ಗಾಳಿಯಲ್ಲಿರುತ್ತದೆ, ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಬೆನ್ನು ಹಿಡಿಯುತ್ತದೆ. ಕಾಲಿನ ತುದಿ ಮುಂದಿನ ಸೀಟಿನ ಅಡಿಗೆ ಹೋಗುತ್ತದೆಯೇ ನೋಡಿ. ಇಳಿಯುವಾಗ ಬಾಗಿಲ ಕಂಬ ಹಿಡಿಯದೆ ಏಳಲಾಗುತ್ತದೆಯೇ ಎಂಬುದೇ ಕೊನೆಯ ಪರೀಕ್ಷೆ. ಅದರಲ್ಲಿ ಎರಡೂ ಸೋತರೆ ಈ ವರ್ಗದ ಕಾರೇ ನಿಮಗಲ್ಲ. ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ 2024ರ ಡಿಸೆಂಬರಿನಲ್ಲಿ 48 ಲಕ್ಷಕ್ಕೆ ಬಂತು, ಉದ್ದ 4.9 ಮೀಟರ್, ಹಿಂದೆ ಕೂರುವವರಿಗೆ ಅದು ಇವೆರಡಕ್ಕಿಂತ ಎಷ್ಟೋ ಮೇಲು. ಮುಂದೆ ಬೆಂಜ್‌ನ ನಕ್ಷತ್ರ ಇರುವುದಿಲ್ಲ, ಅಷ್ಟೇ.

ನನ್ನ ಅಭಿಪ್ರಾಯ ಕೇಳಿದರೆ, ತಾನೇ ಓಡಿಸಿಕೊಂಡು ಹೋಗುವ, ಹಿಂದೆ ಬರೀ ಮಕ್ಕಳು ಕೂರುವ ಮನೆಗೆ ಬಿಎಂಡಬ್ಲ್ಯು. ಸ್ಟೀರಿಂಗ್ ಚುರುಕು, ತಿರುವಿನಲ್ಲಿ ಹಿಡಿತ ಚೆನ್ನ. ಡ್ರೈವರ್ ಇಟ್ಟುಕೊಂಡವರಿಗೆ, ಹಿರಿಯರಿರುವ ಮನೆಗೆ 17 ಇಂಚಿನ ಚಕ್ರದ ಎ-ಕ್ಲಾಸ್. ಒಂದು ಚಿಕ್ಕ ವಿಷಯವೂ ಇದರ ಪರವಾಗಿದೆ: ಹೊಸ ಗ್ರ್ಯಾನ್ ಕೂಪೆಯಲ್ಲಿ ಪರದೆ ನಡೆಸುವ ಹಳೆಯ ತಿರುಗುವ ಗುಂಡಿ ಹೋಗಿ ಏಸಿ ಕೂಡ ಪರದೆಯೊಳಗೆ ಸೇರಿದೆ, ಎ-ಕ್ಲಾಸ್‌ನಲ್ಲಿ ಏಸಿಗೆ ಕೈಗೆ ಸಿಗುವ ಗುಂಡಿಗಳ ಸಾಲು ಇದೆ. ಮಳೆಯಲ್ಲಿ ಗಾಜು ಮಂಜಾದಾಗ ಪರದೆ ತಡಕಾಡುವ ಕೆಲಸ ಬೇಡ.

ಈಗ ದುಡ್ಡು. 218 ಎಂ ಸ್ಪೋರ್ಟ್ ಬಿಡುಗಡೆಯಾದಾಗ ಎಕ್ಸ್-ಶೋರೂಂ ಬೆಲೆ 46.90 ಲಕ್ಷ. ಆಗ 1,500 ಸಿಸಿ ಒಳಗಿನ, ನಾಲ್ಕು ಮೀಟರ್ ಮೀರಿದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 28, ಸೆಸ್ 17, ಒಟ್ಟು ಶೇ 45. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ಒಟ್ಟು ಶೇ 40 ಆಯಿತು. ಇಳಿಕೆ ಪೂರ್ತಿ ಗ್ರಾಹಕರಿಗೆ ಬಂದರೆ 46.90 ಲಕ್ಷದ ಕಾರಿಗೆ ಸುಮಾರು 1.6 ಲಕ್ಷ ತಗ್ಗಬೇಕು. ಎರಡು ಕಾರಿನ ಹಳೆಯ ಮತ್ತು ಹೊಸ ಬೆಲೆಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೆ ಯಾರು ಎಷ್ಟು ದಾಟಿಸಿದ್ದಾರೆ, ಆಮೇಲೆ ಬೆಲೆ ಏರಿಸಿದ್ದಾರೆಯೇ ಎಂಬುದು ತಿಳಿಯುತ್ತದೆ.

ಕರ್ನಾಟಕದ ಆಜೀವ ತೆರಿಗೆ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11 ಉಪಕರ. ಎಕ್ಸ್-ಶೋರೂಂ 46 ಲಕ್ಷ ಎಂದಿಟ್ಟುಕೊಂಡರೆ ತೆರಿಗೆ 8.28 ಲಕ್ಷ, ಉಪಕರ ಸೇರಿ 9.19 ಲಕ್ಷ. ಇದರ ಮೇಲೆ ಮೂಲದಲ್ಲೇ ಸಂಗ್ರಹಿಸುವ ಶೇ 1ರ ಆದಾಯ ತೆರಿಗೆ, 46 ಸಾವಿರ. ಅದು ಖರ್ಚಲ್ಲ, ರಿಟರ್ನ್ ಸಲ್ಲಿಸುವಾಗ ವಾಪಸ್ ಕೇಳಬಹುದು, ಅದಕ್ಕಾಗಿ ಬಿಲ್ಲಿನಲ್ಲಿ ನಿಮ್ಮ ಪ್ಯಾನ್ ಸರಿಯಾಗಿರಲಿ. ವಿಮೆ ಸೇರಿದರೆ ಆನ್‌ರೋಡ್ 57 ಲಕ್ಷ ಮುಟ್ಟುತ್ತದೆ. ಪುದುಚೇರಿಯಲ್ಲಿ ನೋಂದಾಯಿಸಿ ಉಳಿಸೋಣ ಎನ್ನುವ ಉಪಾಯ ಹೇಳುವವರು ಇನ್ನೂ ಇದ್ದಾರೆ. ತೆರಿಗೆ ಕಟ್ಟದ ಹೊರರಾಜ್ಯದ ದುಬಾರಿ ಕಾರುಗಳನ್ನು ಸಾರಿಗೆ ಇಲಾಖೆ 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಬೀದಿಯಲ್ಲೇ ಹಿಡಿದು ದಂಡ ಸಮೇತ ವಸೂಲಿ ಮಾಡಿದ್ದು ಪತ್ರಿಕೆಗಳಲ್ಲೇ ಬಂದಿದೆ. ಬಿಲ್ಲಿನಲ್ಲಿ ಹ್ಯಾಂಡ್ಲಿಂಗ್ ಶುಲ್ಕ, ಎಸೆನ್ಷಿಯಲ್ ಕಿಟ್ ಎಂಬ ಸಾಲುಗಳಿದ್ದರೆ ಹೊಡೆದುಹಾಕಿಸಿ.

ವಿಮೆಯನ್ನು ಡೀಲರ್ ಬಳಿಯೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊಸ ಕಾರಿಗೆ ಇತರರಿಗೆ ಆಗುವ ನಷ್ಟ ತುಂಬುವ ಥರ್ಡ್ ಪಾರ್ಟಿ ವಿಮೆ ಮೂರು ವರ್ಷಕ್ಕೆ ಕಡ್ಡಾಯ. 2022ರಲ್ಲಿ ನಿಗದಿಯಾದ ದರದಂತೆ 1,000ದಿಂದ 1,500 ಸಿಸಿಗೆ 10,640 ರೂಪಾಯಿ. ಎರಡೂ ಕಾರು ಈ ಅಂತಸ್ತಿನಲ್ಲೇ ಬರುತ್ತವೆ, ಆದ್ದರಿಂದ ಆ ಭಾಗದಲ್ಲಿ ಚೌಕಾಸಿ ಇಲ್ಲ. ಚೌಕಾಸಿ ಇರುವುದು ಸ್ವಂತ ಹಾನಿಯ ಭಾಗದಲ್ಲಿ. ಸಾಮಾನ್ಯ ಪಾಲಿಸಿಯಲ್ಲಿ ಟೈರು ಒಂದೇ ಹಾಳಾದರೆ ಬಿಡಿಗಾಸೂ ಬರುವುದಿಲ್ಲ. ಅದೇ ಘಟನೆಯಲ್ಲಿ ಗಾಡಿಗೂ ಪೆಟ್ಟಾಗಿರಬೇಕು, ಆಗಲೂ ಅರ್ಧವಷ್ಟೇ. ಆದ್ದರಿಂದ ಟೈರು ಮತ್ತು ರಿಮ್ ರಕ್ಷಣೆ ಈ ಕಾರುಗಳಿಗೆ ದುಂದಲ್ಲ. ಉಬ್ಬು ಬಂದ ಟೈರು ಅದರಲ್ಲಿ ಸೇರುತ್ತದೆಯೇ, ವರ್ಷಕ್ಕೆ ಎಷ್ಟು ಟೈರು ಎಂದು ಪಾಲಿಸಿ ಓದಿ. ಬಿಡಿಭಾಗ ಹಳೆಯದಾಯಿತೆಂದು ಹಣ ಕಡಿಯದ ಶೂನ್ಯ ಸವಕಳಿ ರಕ್ಷಣೆ ಬೇಕು. ಎಂಜಿನ್ ರಕ್ಷಣೆ ಅಂತೂ ಬೇಕೇ ಬೇಕು.

ಯಾಕೆಂದರೆ 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಐಷಾರಾಮಿ ಕಾರುಗಳು ಬಾನೆಟ್ ಮಟ್ಟ ಮುಳುಗಿದ್ದನ್ನು ಊರೇ ನೋಡಿದೆ. ನೀರು ಗಾಳಿಯ ಕೊಳವೆಯಿಂದ ಸಿಲಿಂಡರಿಗೆ ಹೋದಾಗ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಇದನ್ನು ಆನುಷಂಗಿಕ, ಅಂದರೆ ಘಟನೆಯ ನೇರ ಫಲವಲ್ಲದ ನಷ್ಟ ಎಂದು ತಳ್ಳಿಹಾಕುತ್ತಾರೆ. ನೀರಿಗೆ ಇಳಿಯಲೇಬೇಕಾದರೆ ಮೊದಲು ಆಟೊ ಸ್ಟಾರ್ಟ್-ಸ್ಟಾಪ್ ಆಫ್ ಮಾಡಿ. ನಡುನೀರಿನಲ್ಲಿ ಅದು ತಾನಾಗಿ ಎಂಜಿನ್ ನಿಲ್ಲಿಸಿ ಮತ್ತೆ ಎಬ್ಬಿಸುವುದು ಬೇಡ. ಎಂಜಿನ್ ನಿಂತುಹೋದರೆ ಬಟನ್ ಮತ್ತೆ ಒತ್ತಲೇಬಾರದು. ಹಾನಿಯಾಗುವುದು ಹೆಚ್ಚಾಗಿ ಆ ಎರಡನೇ ಸಲ ಒತ್ತಿದಾಗಲೇ. ಚಕ್ರ ಎತ್ತಿ ಎಳೆಯುವ ಕ್ರೇನ್ ಬೇಡ, ಇಡೀ ಕಾರನ್ನು ಹೊರುವ ಫ್ಲ್ಯಾಟ್‌ಬೆಡ್ ಲಾರಿ ತರಿಸಿ.

ನಿರ್ವಹಣೆಯ ಬಗ್ಗೆ ಎರಡೂ ಕಡೆ ಲಿಖಿತವಾಗಿ ಬೆಲೆ ಕೇಳಬೇಕಾದ ವಸ್ತುಗಳು ಕೆಲವೇ: ಮುಂದಿನ ಬ್ರೇಕ್ ಪ್ಯಾಡ್, ಡಿಸ್ಕ್ ಮತ್ತು ಅದರ ಸೆನ್ಸರ್, 12 ವೋಲ್ಟ್ ಬ್ಯಾಟರಿ, ಮುಂದಿನ ಗಾಜು, ಒಂದು ಹೆಡ್‌ಲ್ಯಾಂಪ್. ಬಿಎಂಡಬ್ಲ್ಯುನಲ್ಲಿ ಹೊಸ ಬ್ಯಾಟರಿಯನ್ನು ಕಂಪ್ಯೂಟರಿನಲ್ಲಿ ದಾಖಲಿಸಬೇಕು, ಇಲ್ಲದಿದ್ದರೆ ಹಳೆಯದರಂತೆಯೇ ಚಾರ್ಜ್ ಮಾಡಿ ಬೇಗ ಕೆಡಿಸುತ್ತದೆ. ಗಾಜಿನ ಹಿಂದೆ ಕ್ಯಾಮೆರಾ ಇರುವ ಆವೃತ್ತಿಗೆ ಗಾಜು ಬದಲಿಸಿದ ಮೇಲೆ ಕ್ಯಾಮೆರಾ ಹೊಂದಿಸುವ ಖರ್ಚು ಬೇರೆ. ಎಲ್‌ಇಡಿ ಹೆಡ್‌ಲ್ಯಾಂಪಿನಲ್ಲಿ ಬಲ್ಬ್ ಬದಲಿಸುವ ಮಾತಿಲ್ಲ, ಸ್ಕೂಟರ್ ಹ್ಯಾಂಡಲ್ ತಾಗಿ ದೀಪವನ್ನು ಹಿಡಿದಿಡುವ ಕಿವಿ ಮುರಿದರೂ ಇಡೀ ದೀಪವೇ ಹೋಗುತ್ತದೆ. ಬ್ರೇಕ್ ದ್ರವ ಎರಡು ವರ್ಷಕ್ಕೊಮ್ಮೆ. ಎಂಜಿನ್ ಆಯಿಲ್ ಹೊರಗೆ ಹಾಕಿಸುವವರು ದಪ್ಪ ತೆಳುವಿನ ಅಂಕಿಯೊಂದೇ ನೋಡದೆ ಡಬ್ಬದ ಹಿಂದೆ ಬಿಎಂಡಬ್ಲ್ಯು ಲಾಂಗ್‌ಲೈಫ್ ಅಥವಾ ಮರ್ಸಿಡಿಸ್ 229 ಸರಣಿಯ ಅನುಮೋದನೆ, ಕೈಪಿಡಿಯಲ್ಲಿ ಹೇಳಿರುವುದೇ ಇದೆಯೇ ಎಂದು ನೋಡಬೇಕು.

ಹಳೆಯದು ಕೊಳ್ಳುವವರಿಗೆ ಒಂದು ಮಾತು. 2020ರಿಂದ ಬಂದ ಹಿಂದಿನ ಗ್ರ್ಯಾನ್ ಕೂಪೆಯಲ್ಲಿ ಎರಡು ಲೀಟರಿನ 190 ಅಶ್ವಶಕ್ತಿಯ ಎಂಜಿನ್ ಇತ್ತು, ಈಗಿನದಕ್ಕಿಂತ ಬಲ ಹೆಚ್ಚು. ಡೀಸೆಲ್ 220ಡಿ, ಎ 200ಡಿ ಆಕರ್ಷಕವಾಗಿ ಕಂಡರೂ ದಿನಕ್ಕೆ ಐದಾರು ಕಿ.ಮೀ. ಓಡಿದ ಗಾಡಿಯಾದರೆ ದೂರವಿರಿ. ಹೊಗೆಯ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳಲು ತಡೆಯಿಲ್ಲದ ಓಟ ಬೇಕು. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿದ ಕಾರಿನಲ್ಲಿ ಆ ಕೆಲಸ ಅರ್ಧಕ್ಕೆ ನಿಂತು, ಸುಡದ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಮಟ್ಟ ಇರಬೇಕಾದ್ದಕ್ಕಿಂತ ಮೇಲಿದ್ದರೆ ಅದೇ ಸುಳಿವು. ನೀರಿಗೆ ಸಿಕ್ಕ ಗಾಡಿಯೇ ಎಂದು ತಿಳಿಯಲು ಸೀಟ್‌ಬೆಲ್ಟನ್ನು ಕೊನೆತನಕ ಎಳೆದು ಕೆಸರಿನ ಗೆರೆ ನೋಡಿ, ಮುಂದಿನ ಸೀಟಿನ ಅಡಿಯ ವೈರ್ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಹುಡುಕಿ, ಕಾರ್ಪೆಟ್ಟಿನ ಕೆಳಗಿನ ಫೋಮ್ ಹಿಂಡಿ ನೋಡಿ. ಷಾಸಿ ಸಂಖ್ಯೆ ಕೊಟ್ಟು ಅಧಿಕೃತ ವರ್ಕ್‌ಶಾಪಿನ ಸರ್ವಿಸ್ ಇತಿಹಾಸ ತೆಗೆಸಿ.

ಹೊಸದನ್ನು ಕೊಂಡರೆ, ನೋಂದಣಿಗೆ ಕಾಗದ ಹೋಗುವ ಮುಂಚೆ, ಪೂರ್ತಿ ಹಣ ಕಟ್ಟುವ ಮುಂಚೆ ಗಾಡಿ ನೋಡಬೇಕು. ನಂಬರ್ ಬಿದ್ದ ಮೇಲೆ ಬದಲಿಸಿ ಕೊಡಿ ಎಂದರೆ ಯಾರೂ ಕೇಳುವುದಿಲ್ಲ. ಗಾಡಿಯ ವಿವರದ ತಟ್ಟೆಯ ಮೇಲೆ ಕೆತ್ತಿದ ತಯಾರಿಕೆಯ ತಿಂಗಳು, ಟೈರಿನ ಮೇಲಿನ ನಾಲ್ಕು ಅಂಕಿ ಓದಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಸ್ಟೆಪ್ನಿ ಇದ್ದರೆ ಅದೂ ಸೇರಿ ಎಲ್ಲ ಟೈರಿನದು ಹತ್ತಿರ ಹತ್ತಿರ ಇರಬೇಕು. ತಿಂಗಳುಗಟ್ಟಲೆ ಗೋದಾಮಿನಲ್ಲಿ ನಿಂತ ಕಾರಿನ ಬ್ಯಾಟರಿ ಸೊರಗಿರುತ್ತದೆ, ಒತ್ತಾಯಿಸಿ ಪರೀಕ್ಷೆ ಮಾಡಿಸಿ. ಬಣ್ಣದ ದಪ್ಪ ಅಳೆಯುವ ಮೀಟರನ್ನು ಪ್ರತಿ ಬಾಗಿಲಿಗೂ ಹಿಡಿದರೆ ಒಂದು ಮಾತ್ರ ಉಳಿದವಕ್ಕಿಂತ ಎರಡು ಪಟ್ಟು ತೋರಿಸಿದರೆ ಅಲ್ಲಿ ಮತ್ತೆ ಬಣ್ಣ ಬಿದ್ದಿದೆ ಎಂದರ್ಥ. ಷಾಸಿ ಸಂಖ್ಯೆ ಬಿಲ್ಲಿಗೆ, ತಯಾರಕರು ಕೊಡುವ ಪ್ರಮಾಣಪತ್ರವಾದ ಫಾರಂ 22ಕ್ಕೆ ತಾಳೆಯಾಗಲಿ, ಎರಡೂ ಕೀಲಿ ಕೆಲಸ ಮಾಡಲಿ. ಇದನ್ನೆಲ್ಲ ಶೋರೂಮಿನ ಝಗಮಗ ದೀಪದಡಿ ಮಾಡಬೇಡಿ. ಬೆಳಿಗ್ಗೆ ಹತ್ತು ಹನ್ನೊಂದರ ಬಿಸಿಲಿಗೆ ಗಾಡಿ ಹೊರಗೆ ತರಿಸಿ. ಹಾರ, ರಿಬ್ಬನ್, ಫೋಟೊ ಆಮೇಲೆ.

ಇತಿ,
ಓದುಗ, ಜಯನಗರ, ಬೆಂಗಳೂರು